ಓದಲಾಗದ ಕರಾರಿಗೆ ಹಾಕಿದ ಸಹಿ

2023ರ ಡಿಸೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಮೂವರು ಮುಸ್ಲಿಮ್ ಯುವಕರು ಉದ್ಯೋಗ ಅರಸಿ ರಷ್ಯಾಕ್ಕೆ ತೆರಳಿದರು. ಏಜೆಂಟರು ಹೇಳಿದ್ದು ಭದ್ರತಾ ಕಾವಲುಗಾರರ ಕೆಲಸ. ಸಿಕ್ಕಿದ್ದು ಉಕ್ರೇನ್ ಯುದ್ಧಭೂಮಿಯ ಕಂದಕ. ತಮಗೆ ಬಾರದ ರಷ್ಯನ್ ಭಾಷೆಯ ಕರಾರಿಗೆ ಅವರು ಸಹಿ ಹಾಕಿದ್ದರು. ಅವರು ಜೀವಂತವಾಗಿ ಮನೆ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದೇ ಬಲೆಗೆ ಬಿದ್ದ ಹೈದರಾಬಾದಿನ ಯುವಕನೊಬ್ಬನಿಗೆ ಮತ್ತು ಸೂರತ್‌ನ ಯುವಕನೊಬ್ಬನಿಗೆ ಆ ಭಾಗ್ಯ ಇರಲಿಲ್ಲ. ರಷ್ಯಾದ ಸೇನೆ ಸೇರಿದ್ದ 126 ಭಾರತೀಯರ ಪೈಕಿ 12 ಮಂದಿ ಮೃತಪಟ್ಟಿದ್ದಾರೆ, 16 ಮಂದಿ ಕಾಣೆಯಾಗಿದ್ದಾರೆ ಎಂದು ವಿದೇಶಾಂಗ ಇಲಾಖೆ 2025ರ ಜನವರಿಯಲ್ಲಿ ತಿಳಿಸಿತು.

ಸ್ವಂತ ಇಚ್ಛೆಯಿಂದ ಪರದೇಶದ ಯುದ್ಧಕ್ಕೆ ಹೋದವರು ಚರಿತ್ರೆಯಲ್ಲಿದ್ದಾರೆ. 1936ರಲ್ಲಿ ಸ್ಪೇನ್‌ನ ಗಣರಾಜ್ಯದ ಪರ ಹೋರಾಡಲು ಹತ್ತಾರು ದೇಶಗಳವರು ಅಂತಾರಾಷ್ಟ್ರೀಯ ದಳಗಳನ್ನು ಸೇರಿದರು. 2022ರಲ್ಲಿ ಉಕ್ರೇನ್ ಕೂಡ ವಿದೇಶಿಯರ ಪಡೆಯೊಂದನ್ನು ಕಟ್ಟಿತು. ಅವರ ನಿಲುವನ್ನು ನಾವು ಒಪ್ಪಬಹುದು, ಬಿಡಬಹುದು. ಆದರೆ ಎಲ್ಲಿಗೆ ಹೋಗುತ್ತಿದ್ದೇವೆ, ಯಾರ ವಿರುದ್ಧ ಎಂಬುದು ಅವರಿಗೆ ತಿಳಿದಿತ್ತು. ಕಲಬುರಗಿಯ ಮಕ್ಕಳಿಗೆ ತಿಳಿದಿರಲಿಲ್ಲ. ಅವರನ್ನು ಸ್ವಯಂಪ್ರೇರಿತ ಯೋಧರೆಂದು ಕರೆಯುವುದು ಆ ಪದಕ್ಕೇ ಅಪಮಾನ.

ನಮ್ಮ ಮದ್ರಸಗಳಲ್ಲಿ ಬೋಧಿಸುವ ಫಿಕ್ಹ್ ಗ್ರಂಥಗಳು ನೀರೊಳಗಿನ ಮೀನನ್ನೂ ಆಕಾಶದಲ್ಲಿ ಹಾರುವ ಹಕ್ಕಿಯನ್ನೂ ಮಾರಲಾಗದು ಎನ್ನುತ್ತವೆ. ಕೊಡುವುದೇನು, ಪಡೆಯುವುದೇನು ಎಂಬುದು ಸ್ಪಷ್ಟವಿಲ್ಲದ ವ್ಯವಹಾರವೇ ಗರರ್; ಅದು ನಿಷಿದ್ಧ. ಒಂದು ಮೀನಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ಧರ್ಮದ ಅನುಯಾಯಿಗಳು ಮಗನ ಪ್ರಾಣದ ಕರಾರನ್ನು ಓದಿಸದೆ ಕಳುಹಿಸುವುದೇ?

2024ರ ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಅದು ಅಗತ್ಯವೇ. ಆದರೆ ಶೋಧ ನಡೆಯುವ ಹೊತ್ತಿಗೆ ಮಕ್ಕಳು ಕಂದಕ ತಲುಪಿಯಾಗಿತ್ತು. ಸರಕಾರವನ್ನು ಪ್ರಶ್ನಿಸುವುದರ ಜೊತೆಗೆ ನಮ್ಮನ್ನೂ ನಾವು ಪ್ರಶ್ನಿಸಿಕೊಳ್ಳಬೇಡವೇ? ಅಕ್ಕ-ತಂಗಿಯರ ಮದುವೆಯ ಸಾಲ, ವರದಕ್ಷಿಣೆಯ ಬೇಡಿಕೆ, ಫಾರಿನ್‌ನಲ್ಲಿದ್ದಾನೆ ಎಂಬ ಮಾತಿಗಿರುವ ಬೆಲೆ: ಇವೆಲ್ಲ ಸೇರಿ ನಮ್ಮ ಯುವಕರನ್ನು ಏಜೆಂಟನ ಬಾಗಿಲಿಗೆ ತಳ್ಳುತ್ತಿಲ್ಲವೇ? ಗುಬ್ಬಿ ತಾಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. ತುಮಕೂರಿನ ಪಕ್ಕದ ವಸಂತನರಸಾಪುರದಲ್ಲಿ ವಿಶಾಲ ಕೈಗಾರಿಕಾ ಪ್ರದೇಶವಿದೆ. ಅಲ್ಲಿ ಕೆಲಸ ಕೇಳಲು ಬೇಕಾದ ಐಟಿಐ ಪ್ರಮಾಣಪತ್ರಕ್ಕೆ ನಾವು ಮಕ್ಕಳನ್ನು ಸಿದ್ಧಗೊಳಿಸಿದ್ದೇವೆಯೇ? ಮದುವೆಯ ಒಂದು ದಿನದ ಊಟಕ್ಕೆ ಸಾಲ ಮಾಡುವ ನಮಗೆ ಎರಡು ವರ್ಷದ ತರಬೇತಿ ದುಬಾರಿ ಎನಿಸುತ್ತದೆ.

ತುಮಕೂರು, ಗುಬ್ಬಿ, ಕುಣಿಗಲ್‌ನ ಜಮಾಅತ್‌ಗಳಲ್ಲಿ ನಮ್ಮದೊಂದು ವಿನಂತಿ. ಪ್ರತಿ ಮಸೀದಿಯಲ್ಲಿ ಓದು ಬಲ್ಲ ಇಬ್ಬರನ್ನು ಇದಕ್ಕಾಗಿ ನೇಮಿಸಿರಿ. ವಿದೇಶಕ್ಕೆ ಹೊರಟವನ ವೀಸಾ ಯಾವ ಬಗೆಯದು, ಕರಾರು ಯಾವ ಭಾಷೆಯಲ್ಲಿದೆ ಎಂದು ಅವರು ನೋಡಲಿ. ಏಜೆಂಟನಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಲಿ. ಜುಮಾ ಖುತ್ಬಾದಲ್ಲಿ ಇದಕ್ಕೂ ಐದು ನಿಮಿಷ ಮೀಸಲಿರಲಿ.

ಯುದ್ಧಭೂಮಿಯಿಂದ ಮಗನನ್ನು ಕರೆತರಲು ಪ್ರಧಾನಿಯೇ ಮಾತುಕತೆ ನಡೆಸಬೇಕಾಯಿತು. ಮನೆಯಿಂದ ಹೊರಡುವಾಗ ತಡೆಯಲು ನೆರೆಮನೆಯವನ ಒಂದು ಪ್ರಶ್ನೆ ಸಾಕಾಗುತ್ತಿತ್ತು.