ಎಳ್ಳು ಬೀರುವ ತಟ್ಟೆಯಲ್ಲಿ ಒಂದು ಕಬ್ಬಿನ ತುಂಡು

ಎಳ್ಳು, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ. ಹಳೇ ಮೈಸೂರು ಸೀಮೆಯ ಸಂಕ್ರಾಂತಿ ಎಳ್ಳಿನಲ್ಲಿ ಇರುವುದು ಈ ಐದು. ಹಬ್ಬಕ್ಕೆ ವಾರಗಳ ಮುಂಚೆಯೇ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬಿಸಿಲಿಗೆ ಹರವುತ್ತಾರೆ. ಅಚ್ಚು ಬೆಲ್ಲವನ್ನು ಚೂರು ಮಾಡಿ ಒಣಗಿಸುತ್ತಾರೆ. ಕಡಲೆಕಾಯಿ ಬೀಜ ಹುರಿದು, ತಿಕ್ಕಿ, ಸಿಪ್ಪೆ ಊದುತ್ತಾರೆ. ಹಬ್ಬದ ಸಂಜೆ ಹೊಸ ಬಟ್ಟೆ ತೊಟ್ಟ ಮಕ್ಕಳು ತಟ್ಟೆ ಹಿಡಿದು ಬೀದಿಯ ಮನೆಮನೆಗೂ ಎಳ್ಳು ಬೀರಲು ಹೊರಡುತ್ತಾರೆ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಎಂಬ ಹಾರೈಕೆ ಕನ್ನಡಿಗರಿಗೆ ಗೊತ್ತಿಲ್ಲದ್ದೇನಲ್ಲ.

ಇದೇ ತಟ್ಟೆಯನ್ನು ಅಲರ್ಜಿ ವೈದ್ಯರು ನೋಡುವ ಬಗೆ ಬೇರೆ. ಜೀವಕ್ಕೆ ಎರವಾಗುವ ಅಲರ್ಜಿ ಎಂದ ಕೂಡಲೇ ಜಗತ್ತಿನಾದ್ಯಂತ ಮೊದಲು ಬರುವ ಹೆಸರುಗಳಲ್ಲಿ ಕಡಲೆಕಾಯಿ ಒಂದು. ಎಳ್ಳನ್ನು ಅಮೆರಿಕ 2021ರ ಕಾನೂನಿನ ಮೂಲಕ ಒಂಬತ್ತನೆಯ ಪ್ರಮುಖ ಅಲರ್ಜಿಕಾರಕ ಎಂದು ಸೇರಿಸಿತು. ಹುರಿಗಡಲೆಯೂ ಕಡಲೆಯೇ, ಭಾರತ ಉಪಖಂಡದಲ್ಲಿ ಅದು ಮುಖ್ಯ ಅಲರ್ಜಿಕಾರಕ ಎಂದು ಮುಂಬೈಯ ವೈದ್ಯರು 2001ರಲ್ಲೇ ಬರೆದಿದ್ದಾರೆ. ಐದರಲ್ಲಿ ಮೂರು ಹೀಗಾಯಿತು. ಉತ್ತರ ಕರ್ನಾಟಕಕ್ಕೆ ಹೋದರೂ ಕಥೆ ಬದಲಾಗುವುದಿಲ್ಲ. ಅಲ್ಲಿ ಕುಸುರೆಳ್ಳು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಜೊತೆಗೆ ಶೇಂಗಾ ಚಟ್ನಿ.

ಕಡಲೆಕಾಯಿ ಒಗ್ಗದ ಆರು ವರ್ಷದ ಮಗುವಿಗೆ ಆ ಸಂಜೆ ಹೇಗಿರುತ್ತದೆ? ಪ್ರತಿ ಹೊಸ್ತಿಲಲ್ಲೂ ಒಂದು ಪೊಟ್ಟಣ ಕೈಗೆ ಬರುತ್ತದೆ, ಪ್ರತಿ ಪೊಟ್ಟಣವನ್ನೂ ಅಮ್ಮ ಕಸಿದುಕೊಳ್ಳುತ್ತಾಳೆ. ಅಮ್ಮ ವಿವರಿಸಲು ಹೋದರೆ ಮನೆಯೊಡತಿ ಪ್ರೀತಿಯಿಂದಲೇ ಹೇಳುತ್ತಾರೆ: "ಒಂದೇ ಒಂದು ಕಾಳು ಬಾಯಿಗೆ ಹಾಕ್ಕೊಳ್ಳಲಿ ಬಿಡಿ, ಹಬ್ಬದ ದಿನ ಏನೂ ಆಗಲ್ಲ." ಅಲರ್ಜಿ ಇರುವ ಮಕ್ಕಳ ತಾಯ್ತಂದೆಯರು ಅತಿ ಹೆಚ್ಚು ಹೆದರುವುದು ಈ ಮಾತಿಗೆ. ಅದರಲ್ಲಿ ಕೆಡುಕಿನ ಎಳೆಯೂ ಇರುವುದಿಲ್ಲ. ಅದಕ್ಕೇ ಅದನ್ನು ಎದುರಿಸುವುದು ಅಷ್ಟು ಕಷ್ಟ.

ಊಟ ಕೆಲವರ ಮೈಗೆ ಆಗಿಬರುವುದಿಲ್ಲ ಎಂಬುದು ನಮ್ಮ ಜನಕ್ಕೆ ಹೊಸ ವಿಷಯವಲ್ಲ. "ಬದನೆಕಾಯಿ ನಂಜು", "ಅದು ನನ್ನ ಮೈಗೆ ಒಗ್ಗಲ್ಲ" ಎಂಬ ಮಾತು ಎಲ್ಲ ಮನೆಯಲ್ಲೂ ಇದೆ. ಮೈಸೂರಿನ ವಿಜ್ಞಾನಿಗಳು ಈ ಬದನೆಕಾಯಿಯ ನಂಜನ್ನೂ ಬಿಡದೆ ಹಿಂಬಾಲಿಸಿ 741 ಜನರನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜವಾದ ಅಲರ್ಜಿ ಸಿಕ್ಕಿದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ. ನಂಜು ಎಂಬ ಒಂದೇ ಪದದೊಳಗೆ ನಾವು ಬೇರೆ ಬೇರೆ ತೊಂದರೆಗಳನ್ನು ತುಂಬಿಬಿಟ್ಟಿದ್ದೇವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ. ಅದು ಹಿಂಸೆ ಕೊಡುತ್ತದೆ, ಜೀವ ತೆಗೆಯುವುದಿಲ್ಲ. ಹಾಲಿನ ಪ್ರೋಟೀನನ್ನು ಶತ್ರು ಎಂದು ತಿಳಿದು ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿ ಬೀಳುವುದು ಅಲರ್ಜಿ. ಅದು ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿಸಬಲ್ಲದು. ಎರಡಕ್ಕೂ "ಹಾಲು ಆಗಲ್ಲ" ಎಂದೇ ಹೇಳುವುದರಿಂದ ಎರಡನೆಯದನ್ನೂ ಮೊದಲನೆಯದರಂತೆ ಹಗುರವಾಗಿ ಕಾಣುತ್ತೇವೆ.

ಎಷ್ಟು ಜನರಿಗಿದೆ ಈ ತೊಂದರೆ ಎಂಬುದಕ್ಕೆ ದೇಶದ ಒಳ್ಳೆಯ ಅಂಕಿಗಳಲ್ಲಿ ಕೆಲವು ಕರ್ನಾಟಕದ್ದೇ. ಯುರೋಪಿನ ಯೋಜನೆಯೊಂದರ ಅಂಗವಾಗಿ ರಾಜ್ಯದ 11,791 ವಯಸ್ಕರನ್ನು ಸಮೀಕ್ಷೆ ಮಾಡಿ, ಅವರಲ್ಲಿ ಕೆಲವರನ್ನು ಆಳವಾಗಿ ಪರೀಕ್ಷಿಸಿ ತಯಾರಿಸಿದ ವರದಿ 2016ರಲ್ಲಿ ಹೊರಬಂತು. ಯಾವುದಾದರೊಂದು ಆಹಾರದ ವಿರುದ್ಧ ರಕ್ತದಲ್ಲಿ ಪ್ರತಿಕಾಯ ಇದ್ದವರು ಶೇ 26.5. ಆದರೆ ಅಲರ್ಜಿಯೇ ಇರಬಹುದು ಎನ್ನುವಷ್ಟು ಲಕ್ಷಣ ಇದ್ದವರು ಶೇ 1.2 ಮಾತ್ರ.

ಈ ಎರಡು ಅಂಕಿಗಳ ನಡುವಿನ ಅಂತರ ಬಹಳ ಮುಖ್ಯ. ರಕ್ತ ಪರೀಕ್ಷೆಯ ಕಾಗದವೊಂದನ್ನೇ ನಂಬಿ ಮಗುವಿಗೆ ಇಪ್ಪತ್ತು ಮೂವತ್ತು ಪದಾರ್ಥ ಬಿಡಿಸುವುದು ತಪ್ಪು. ಪರೀಕ್ಷೆಯಲ್ಲಿ ಕಂಡದ್ದೆಲ್ಲ ತಟ್ಟೆಯಲ್ಲಿ ಕಾಡುವುದಿಲ್ಲ. ಹಾಗೆಯೇ, ಕಡಲೆಕಾಯಿಗೆ ಹೆದರಿ ಎಲ್ಲ ಕೂಸುಗಳಿಂದಲೂ ಅದನ್ನು ದೂರ ಇಡುವುದೂ ತಪ್ಪು. ಅಲರ್ಜಿಯ ಅಪಾಯ ಹೆಚ್ಚಿದ್ದ ಕೂಸುಗಳಿಗೇ ನಾಲ್ಕರಿಂದ ಹನ್ನೊಂದು ತಿಂಗಳ ನಡುವೆ ಕಡಲೆಕಾಯಿ ತಿನ್ನಿಸಲು ಶುರು ಮಾಡಿದರೆ ಮುಂದೆ ಅಲರ್ಜಿ ಬರುವುದು ಬಹಳ ಕಡಿಮೆಯಾಗುತ್ತದೆ ಎಂದು ಲಂಡನ್ನಿನ ಅಧ್ಯಯನವೊಂದು 2015ರಲ್ಲಿ ತೋರಿಸಿಕೊಟ್ಟಿತು. ಅಂಥ ಕೂಸಿಗೆ ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಹಾಗಾಗಿ ಸಂಕ್ರಾಂತಿಯಿಂದ ಎಳ್ಳು ಬೆಲ್ಲವನ್ನು ಓಡಿಸಿ ಎಂದು ಯಾರೂ ಕೇಳುತ್ತಿಲ್ಲ. ಅಲರ್ಜಿ ಖಚಿತವಾದ ಆ ನೂರರಲ್ಲೊಬ್ಬರ ಮಾತನ್ನು ನಂಬಿ ಎಂದಷ್ಟೇ ಬೇಡಿಕೆ.

ನಂಬುವುದು ನಮಗೆ ಬರುವುದಿಲ್ಲವೇ? ಚೆನ್ನಾಗಿ ಬರುತ್ತದೆ. ಏಕಾದಶಿಯ ದಿನ ಅಜ್ಜಿ ಅನ್ನ ಮುಟ್ಟುವುದಿಲ್ಲ ಎಂದರೆ ಅವರಿಗೆ ಅವಲಕ್ಕಿ ಬೇರೆ ಕಲಸುತ್ತೇವೆ. ಶ್ರಾವಣದಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿದ್ದರೆ ಒಗ್ಗರಣೆ ಬೇರೆ ಹಾಕುತ್ತೇವೆ. ಕಾಶಿಗೆ ಹೋಗಿ ಇಷ್ಟವಾದ ಹಣ್ಣೊಂದನ್ನು ಬಿಟ್ಟು ಬಂದ ಅತ್ತೆಗೆ ಆ ಹಣ್ಣನ್ನು ಯಾರೂ ಒತ್ತಾಯ ಮಾಡುವುದಿಲ್ಲ. "ಒಂದು ಹೋಳು ತಿಂದ್ರೆ ಏನಾಗತ್ತೆ" ಎಂದು ಅವರಿಗೆ ಹೇಳುವ ಧೈರ್ಯ ಯಾರಿಗಿದೆ? ಸಕ್ಕರೆ ಕಾಯಿಲೆಯ ಮಾವನ ಕಾಫಿ ಲೋಟ ಮದುವೆ ಮನೆಯ ಗದ್ದಲದಲ್ಲೂ ಪ್ರತ್ಯೇಕವಾಗಿ ಬರುತ್ತದೆ. ದೊಡ್ಡವರ ವ್ರತಕ್ಕೂ ಕಾಯಿಲೆಗೂ ಸಲ್ಲುವ ಈ ಮರ್ಯಾದೆ ಆರು ವರ್ಷದ ಮಗುವಿನ ಅಲರ್ಜಿಗೆ ಮಾತ್ರ ಸಲ್ಲುತ್ತಿಲ್ಲ. ವ್ರತ ಮುರಿದರೆ ಪ್ರಾಯಶ್ಚಿತ್ತವಿದೆ. ಇಲ್ಲಿ ಅದೂ ಇಲ್ಲ.

ಅಡುಗೆಮನೆಯ ಮಟ್ಟಿಗೂ ಹೀಗೆಯೇ. ಅಲರ್ಜಿಯ ಪದಾರ್ಥಕ್ಕೆ ತಾಗಿದ ಸೌಟು ಇನ್ನೊಂದು ಪಾತ್ರೆಗೆ ಹೋಗಬಾರದು, ಅದನ್ನು ಕರಿದ ಎಣ್ಣೆಯಲ್ಲಿ ಬೇರೆಯದನ್ನು ಕರಿಯಬಾರದು, ಕೈ ತೊಳೆಯದೆ ಮಗುವಿನ ತಟ್ಟೆ ಮುಟ್ಟಬಾರದು ಎಂದು ವೈದ್ಯರು ಹೇಳುವಾಗ, ಎಂಜಲು ಮುಸುರೆ ನೋಡಿ ಬೆಳೆದ ಹೆಂಗಸರಿಗೆ ಅದು ಅರ್ಧ ನಿಮಿಷದಲ್ಲಿ ಅರ್ಥವಾಗಬೇಕು. ಕಣ್ಣಿಗೆ ಕಾಣದ್ದೂ ಅಂಟಿಕೊಳ್ಳುತ್ತದೆ ಎಂಬ ಎಚ್ಚರ ಆ ಪದಗಳಲ್ಲೇ ಇದೆ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ಅಂಗಳದಾಚೆ ನಿಲ್ಲಿಸಿದ ಇತಿಹಾಸ ನಮ್ಮದು. ಅದನ್ನು ಮರೆತು ಮಡಿಯನ್ನು ಹೊಗಳಲಾಗದು. ಆದರೆ ಅದೇ ಶಿಸ್ತನ್ನು ಒಂದು ಮಗುವನ್ನು ಪಂಕ್ತಿಯೊಳಗೆ ಕೂರಿಸಿಕೊಳ್ಳಲು ಬಳಸಬಹುದು.

ಬಳಸುವಾಗ ಕೆಲವು ಸೂಕ್ಷ್ಮ ತಿಳಿದಿರಬೇಕು, ಯಾಕೆಂದರೆ ಹಬ್ಬದಡುಗೆಯಲ್ಲಿ ಅಡಗಿ ಕೂತದ್ದು ಬಹಳ. ಪುಳಿಯೋಗರೆ ಗೊಜ್ಜಿನಲ್ಲಿ ಎಳ್ಳು, ಒಗ್ಗರಣೆಯಲ್ಲಿ ಕಡಲೆಕಾಯಿ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಹಲವು ಸಲ ಇಂಗಿಗಿಂತ ಹೆಚ್ಚಾಗಿ ಗೋಧಿ ಅಥವಾ ಮೈದಾ ಹಿಟ್ಟು. ತುಪ್ಪ ಎಷ್ಟೇ ಕಾಯಿಸಿದರೂ ಹಾಲಿನ ಪ್ರೋಟೀನಿನ ಸುಳಿವು ಅದರಲ್ಲಿ ಉಳಿದಿರಬಹುದು. ಬಿಳಿ ಬಿಳಿಯಾಗಿ ಮುದ್ದಾಗಿ ಕಾಣುವ ಸಕ್ಕರೆ ಅಚ್ಚು ಬರೀ ಸಕ್ಕರೆಯೆಂದು ಎಷ್ಟೋ ಜನರ ನಂಬಿಕೆ. ಪಾಕದ ಕೊಳೆ ತೆಗೆಯಲು ಅದಕ್ಕೆ ಹಾಲು ಹಾಕುವ ರೂಢಿಯಿದೆ. ಈಗ ಮತ್ತೆ ಬೇಡಿಕೆಗೆ ಬಂದಿರುವ ಗಾಣದ ಎಣ್ಣೆಯದು ಇನ್ನೊಂದು ಸಂಗತಿ. ಚೆನ್ನಾಗಿ ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಹೆಚ್ಚುಕಡಿಮೆ ಉಳಿಯುವುದಿಲ್ಲ, ಗಾಣದ್ದರಲ್ಲಿ ಉಳಿಯುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಅದರಲ್ಲಿ ಕರಿದ ಚಕ್ಕುಲಿ ಒಂದು ಮಗುವಿಗೆ ವಿಷವಾಗಬಹುದು. ಕೈಗೆ ಹಚ್ಚುವ ಸ್ಯಾನಿಟೈಸರ್ ಕಡಲೆಕಾಯಿಯ ಅಂಶವನ್ನು ತೆಗೆಯುವುದಿಲ್ಲ ಎಂಬುದೂ ನೆನಪಿರಲಿ. ಸೋಪು ನೀರೇ ಬೇಕು.

ಅತಿಯಾದ ಭಯವೂ ಬೇಡ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಇಂಥ ಮಗುವನ್ನು ಕರೆದೊಯ್ಯಲೇಬಾರದೇ ಎಂದು ಕೇಳುವವರಿದ್ದಾರೆ. ತೀವ್ರವಾದ ಪ್ರತಿಕ್ರಿಯೆ ಆಗುವುದು ಬಹುತೇಕ ತಿಂದಾಗ; ವಾಸನೆಯಿಂದಲೋ ಚರ್ಮಕ್ಕೆ ಸೋಕಿದ್ದರಿಂದಲೋ ಹಾಗಾಗುವುದು ಅಪರೂಪ. ವೈದ್ಯರನ್ನು ಕೇಳಿ, ಮಗು ಬಾಯಿಗೆ ಕೈ ಹಾಕದಂತೆ ನೋಡಿಕೊಂಡು, ಮರಳಿದ ಮೇಲೆ ಕೈ ತೊಳೆಸುವುದಾದರೆ ಬುಗ್ಗೆ, ಪೀಪಿ, ತೊಟ್ಟಿಲು ಯಾಕೆ ತಪ್ಪಬೇಕು?

ಪ್ರಸಾದದ ಪ್ರಶ್ನೆ ಎಲ್ಲಕ್ಕಿಂತ ನಾಜೂಕಿನದು. ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ ಮೂರೂ ಇವೆ. ಪಂಚಕಜ್ಜಾಯದಲ್ಲಿ ಕಡಲೆಬೇಳೆಯೋ ಹೆಸರುಬೇಳೆಯೋ, ಜೊತೆಗೆ ಎಳ್ಳು. "ದೇವರ ಪ್ರಸಾದ ಬೇಡ ಅನ್ನಬಾರದು" ಎಂಬ ಮಾತಿನೆದುರು ಯಾವ ತಾಯಿ ನಿಲ್ಲುತ್ತಾಳೆ? ಆದರೆ ಹೂವೂ ಪ್ರಸಾದವೇ, ಕುಂಕುಮವೂ ಪ್ರಸಾದವೇ. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟರೂ ಅದು ಸ್ವೀಕಾರವೇ. ಅರ್ಚಕರು ಮಗುವಿನ ಕೈಗೆ ಒಂದು ಹೂವೋ ಬಾಳೆಹಣ್ಣೋ ಇಟ್ಟರೆ ಸಾಕು, ಮಗುವಿಗೆ ಯಾವುದೂ ತಪ್ಪಿದಂತೆ ಅನ್ನಿಸುವುದಿಲ್ಲ.

ಬೇರೆ ದೇಶದವರು ಇದನ್ನು ಹೇಗೆ ಬಿಡಿಸಿಕೊಂಡರು ಎಂಬುದಕ್ಕೆ ಅಮೆರಿಕದ ಹ್ಯಾಲೋವೀನ್ ಒಂದು ಉದಾಹರಣೆ. ಅಲ್ಲೂ ಮಕ್ಕಳು ಮನೆಮನೆಗೆ ಹೋಗಿ ಸಿಹಿ ಕೇಳುತ್ತಾರೆ. ಟೆನೆಸೀ ರಾಜ್ಯದ ಪೂರ್ವ ಭಾಗದ ಅಲರ್ಜಿ ಕುಟುಂಬಗಳ ಗುಂಪೊಂದು 2012ರಲ್ಲಿ ಸರಳವಾದ ದಾರಿ ಹುಡುಕಿತು. ಬಾಗಿಲಲ್ಲಿ ಹಸಿರು ಬೆರೆತ ನೀಲಿ ಬಣ್ಣದ ಕುಂಬಳಕಾಯಿ ಇಟ್ಟಿದ್ದರೆ, ಆ ಮನೆಯಲ್ಲಿ ತಿನಿಸಿನ ಜೊತೆಗೆ ಪೆನ್ಸಿಲು, ಸ್ಟಿಕ್ಕರು, ಸಣ್ಣ ಆಟಿಕೆಗಳೂ ಸಿಗುತ್ತವೆ ಎಂದು ಅರ್ಥ. 2014ರ ಹೊತ್ತಿಗೆ ಅದು ದೇಶವ್ಯಾಪಿ ಅಭಿಯಾನವಾಯಿತು. ಸಿಹಿ ಹಂಚುವುದು ನಿಂತಿಲ್ಲ, ಹಬ್ಬ ಕಳೆಗುಂದಿಲ್ಲ. ಬಾಗಿಲು ಬಡಿಯುವ ಮೊದಲೇ ಮಗುವಿಗೆ ತನಗೂ ಇಲ್ಲಿ ಏನೋ ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ.

ನಮಗೆ ಆ ಕುಂಬಳಕಾಯಿ ಬೇಕಾಗಿಲ್ಲ. ತಿನಿಸಿನಾಚೆಗೂ ನಮ್ಮ ಹಬ್ಬಗಳಲ್ಲಿ ಮಕ್ಕಳಿಗೆಂದೇ ಎಷ್ಟೊಂದು ಇದೆ! ಸಂಕ್ರಾಂತಿಯ ಸಂಜೆ ಪುಟ್ಟ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಎರೆದು ಆರತಿ ಎತ್ತುವುದಿದೆ. ನಾಗರ ಪಂಚಮಿಗೆ ಧಾರವಾಡ, ವಿಜಯಪುರದ ಕಡೆ ಉಂಡಿಯಷ್ಟೇ ಜೋಕಾಲಿಯೂ ಮುಖ್ಯ. ಮರಕ್ಕೆ ಹಗ್ಗ ಕಟ್ಟಿದ ಮೇಲೆ ಶೇಂಗಾ ಉಂಡಿಯ ನೆನಪು ಯಾವ ಹುಡುಗಿಗೆ ಉಳಿದೀತು? ದಸರೆಯಲ್ಲಿ ಗೊಂಬೆ ನೋಡಲು ಬಂದ ಮಕ್ಕಳಿಗೆ ದಿನಕ್ಕೊಂದು ತಿಂಡಿ ಕೊಡುವ ಗೊಂಬೆ ಬಾಗಿನದ ಪದ್ಧತಿ ಹಳೇ ಮೈಸೂರಿನದು. ಒಂದು ದಿನ ಆ ಬಾಗಿನದಲ್ಲಿ ಬಣ್ಣದ ಪೆನ್ಸಿಲನ್ನೋ ಚನ್ನಪಟ್ಟಣದ ಬುಗುರಿಯನ್ನೋ ಇಟ್ಟರೆ ಗೊಂಬೆಗಳೇನೂ ಮುನಿಸಿಕೊಳ್ಳುವುದಿಲ್ಲ.

ಶಾಲೆಗಳ ವಿಷಯದಲ್ಲಿ ಸರ್ಕಾರಿ ಶಾಲೆಯೇ ಒಂದು ಪಾಠ ಹೇಳಿಕೊಟ್ಟಿದೆ. ಮೊಟ್ಟೆ ಕೊಡುವಾಗ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಸಿಗುತ್ತದೆ. ಯಾಕೆ ತಿನ್ನುವುದಿಲ್ಲ ಎಂದು ಯಾರೂ ವಿಚಾರಣೆಗೆ ನಿಲ್ಲಿಸುವುದಿಲ್ಲ. ಲಕ್ಷಾಂತರ ಮಕ್ಕಳ ನಡುವೆ ಇದು ಸಾಧ್ಯವಾದರೆ, ನಲವತ್ತು ಮಕ್ಕಳ ತರಗತಿಯ ಹುಟ್ಟುಹಬ್ಬದಲ್ಲಿ ಯಾಕಾಗದು? ಕೇಕು, ಚಾಕೊಲೇಟು ಹಂಚುವ ಮುನ್ನಾದಿನ ಒಂದು ಸಂದೇಶ ಕಳಿಸಿದರೆ ಅಲರ್ಜಿ ಇರುವ ಮಗುವಿನ ಮನೆಯವರು ಅದೇ ಬಣ್ಣದ ಕಾಗದದಲ್ಲಿ ಸುತ್ತಿದ ಬೇರೆ ತಿನಿಸು ಕಳಿಸಬಹುದು. ಮೂಲೆಯಲ್ಲಿ ಬೇರೆ ಕೂರಿಸುವುದು ಪರಿಹಾರವೇ ಅಲ್ಲ. ನ್ಯೂಯಾರ್ಕಿನಲ್ಲಿ ಅಲರ್ಜಿ ಇರುವ ಮಕ್ಕಳನ್ನು ಕೇಳಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸುಮಾರು ಮೂರನೇ ಒಂದು ಭಾಗದ ಮಕ್ಕಳು ಅಲರ್ಜಿಯ ಕಾರಣಕ್ಕೇ ಸಹಪಾಠಿಗಳ ಕಾಟ ಅನುಭವಿಸಿದ್ದಾಗಿ ಹೇಳಿದ್ದರು.

ಎಷ್ಟು ಎಚ್ಚರವಹಿಸಿದರೂ ತಪ್ಪಾಗುತ್ತದೆ. ಆಗ ಬೇಕಾದ ತಿಳಿವಳಿಕೆ ಮನೆಯವರಿಗಷ್ಟೇ ಅಲ್ಲ, ಹಬ್ಬಕ್ಕೆ ಕರೆದವರಿಗೂ ಇರಬೇಕು. ತುಟಿ ಊದುವುದು, ಮೈಮೇಲೆ ಗಂಧೆ ಏಳುವುದು, ವಾಂತಿ ಶುರುವಿನ ಲಕ್ಷಣಗಳು. ಕೆಮ್ಮು, ಉಬ್ಬಸ, ದನಿ ಒಡೆಯುವುದು, ಮಗು ಇದ್ದಕ್ಕಿದ್ದಂತೆ ಸುಸ್ತಾಗಿ ಕುಸಿಯುವುದು ಕಂಡರೆ ಒಂದು ನಿಮಿಷವೂ ಕಾಯುವಂತಿಲ್ಲ. ಅಲರ್ಜಿ ಮಾತ್ರೆ ತುರಿಕೆಯನ್ನು ತಗ್ಗಿಸುತ್ತದೆ, ಮುಚ್ಚುತ್ತಿರುವ ಉಸಿರುದಾರಿಯನ್ನು ತೆರೆಯುವುದಿಲ್ಲ. ಆ ಹೊತ್ತಿಗೆ ಬೇಕಾದ ಮೊದಲ ಔಷಧ ಅಡ್ರಿನಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ. ಪಶ್ಚಿಮದ ದೇಶಗಳಲ್ಲಿ ಪೆನ್ನಿನಂತೆ ಒತ್ತಿದರೆ ಸಾಕಾದ ಸಾಧನವಿದೆ. ಇಲ್ಲಿನ ಔಷಧ ಅಂಗಡಿಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಕೆಲವು ವೈದ್ಯರು ತಾಯ್ತಂದೆಯರಿಗೆ ಸಿರಿಂಜು ಮತ್ತು ಔಷಧದ ಸಣ್ಣ ಗಾಜಿನ ಸೀಸೆ ಕೊಟ್ಟು, ಮಗುವಿನ ತೂಕಕ್ಕೆ ತಕ್ಕ ಪ್ರಮಾಣ ಎಳೆದುಕೊಳ್ಳುವುದನ್ನು ಕಲಿಸುತ್ತಾರೆ. ಮಗು ಒದ್ದಾಡುವಾಗ ನಡುಗುವ ಕೈಯಿಂದ ಸೀಸೆಯ ಕತ್ತು ಮುರಿಯಬೇಕಾದ ತಂದೆಯ ಸ್ಥಿತಿಯನ್ನು ಕಲ್ಪಿಸಿಕೊಳ್ಳಿ. ಔಷಧದ ಬೆಲೆ ಕಡಿಮೆ, ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಅದಿದೆ. ಒತ್ತಿದರೆ ಸಾಕಾಗುವ ರೂಪದಲ್ಲಿ ಕೈಗೆಟಕುವ ಬೆಲೆಗೆ ಅದನ್ನು ದೊರಕಿಸುವುದು ಸರ್ಕಾರ ಮಾಡಲೇಬೇಕಾದ ಕೆಲಸ. ಚುಚ್ಚುಮದ್ದಿನ ನಂತರ ಮಗುವನ್ನು ಮಲಗಿಸಿ, ಎದ್ದು ನಡೆಯಲು ಬಿಡದೆ, 108ಕ್ಕೆ ಕರೆ ಮಾಡಬೇಕು. ಉಸಿರಿಗೆ ಕಷ್ಟವಾದರೆ ಕೂರಿಸಬಹುದು. ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಲಕ್ಷಣಗಳು ಕೆಲವು ಗಂಟೆಗಳ ನಂತರ ಮರಳಬಹುದು.

ಕಾನೂನಿನಲ್ಲೂ ಒಂದು ತೂತು ಇದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ, ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ಸಾರಬೇಕಾದ ಅಲರ್ಜಿಕಾರಕಗಳನ್ನು ಪಟ್ಟಿ ಮಾಡಿತು. ಗೋಧಿಯಂಥ ಗ್ಲುಟೆನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಕಡಲೆಕಾಯಿ ಮತ್ತು ಬಾದಾಮಿ ಗೋಡಂಬಿಯಂಥ ಬೀಜಗಳು, ಸೋಯಾ, ಸಲ್ಫೈಟು ಅದರಲ್ಲಿ ಸೇರಿದವು. ಎಳ್ಳು ಸೇರಲಿಲ್ಲ. ಎಳ್ಳನ್ನು ಹಬ್ಬವಾಗಿಸಿಕೊಂಡ ದೇಶದಲ್ಲೇ ಅದು ಹೊರಗುಳಿಯಿತು. ಬ್ರಿಟನ್ನಿನ ನತಾಶಾ ಎಂಬ ಹದಿನೈದರ ಹುಡುಗಿ 2016ರಲ್ಲಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ಡಿನ ಹಿಟ್ಟಿನೊಳಗಿದ್ದ ಎಳ್ಳಿನಿಂದ ಜೀವ ಬಿಟ್ಟಳು. ಪೊಟ್ಟಣದ ಮೇಲೆ ಎಳ್ಳಿನ ಹೆಸರಿರಲಿಲ್ಲ. ಅವಳ ಹೆಸರಿನದೇ ಕಾನೂನು 2021ರ ಅಕ್ಟೋಬರಿನಲ್ಲಿ ಅಲ್ಲಿ ಜಾರಿಗೆ ಬಂತು. ನಮ್ಮಲ್ಲಿ ಹೋಟೆಲುಗಳು ಅಲರ್ಜಿಯ ಮಾಹಿತಿ ಕೊಡಬೇಕೆಂಬ ನಿಯಮ ಕೇಂದ್ರ ಪರವಾನಗಿ ಪಡೆದವಕ್ಕೆ ಅಥವಾ ಹತ್ತು ಕಡೆ ಶಾಖೆ ಇರುವವಕ್ಕೆ ಮಾತ್ರ. ಬೀದಿ ತಿರುವಿನ ದರ್ಶಿನಿ, ಬಿಡಿ ಸಿಹಿ ತೂಗಿ ಕೊಡುವ ಅಂಗಡಿ, ಮದುವೆ ಮನೆಯ ಅಡುಗೆ ಗುತ್ತಿಗೆದಾರರು ಇದರೊಳಗೆ ಬರುವುದು ಕಡಿಮೆ. ಅಲ್ಲಿ ಉಳಿಯುವುದು ಬಾಯಿ ಮಾತಿನ ವಿಚಾರಣೆಯೊಂದೇ, ಮತ್ತು ಕೇಳಿದವರಿಗೆ ಅಡುಗೆಯವರು ಕೊಡುವ ಪ್ರಾಮಾಣಿಕ ಉತ್ತರ.

ಮುಂದಿನ ಸಂಕ್ರಾಂತಿಗೆ ಎಳ್ಳು ಬೆರೆಸುವಾಗ ಐದನ್ನೂ ಒಂದೇ ಡಬ್ಬಿಗೆ ಸುರಿಯುವ ಮೊದಲು, ಬೆಲ್ಲ ಕೊಬ್ಬರಿಯನ್ನಷ್ಟೇ ಒಂದೆರಡು ಪೊಟ್ಟಣ ಕಟ್ಟಿ ಬೇರೆ ಎತ್ತಿಡಬಹುದು. ತಟ್ಟೆಯ ಒಂದು ಬದಿಗೆ ತೊಳೆದ ಕಬ್ಬಿನ ತುಂಡು, ಎರಡು ಬಾಳೆಹಣ್ಣು, ಒಂದು ಹಿಡಿ ಎಲಚಿ ಹಣ್ಣು. ಬಾಗಿಲಿಗೆ ಬಂದ ಮಗುವಿನ ಅಮ್ಮನನ್ನು ಮೊದಲೇ ಒಂದು ಮಾತು ಕೇಳುವುದು: "ಮಗೂಗೆ ಏನಾದ್ರೂ ಆಗಲ್ವಾ?" ಆಕೆ ಹೇಳಿದ್ದನ್ನು ಹಾಗೆಯೇ ಒಪ್ಪಿ ಕಬ್ಬಿನ ತುಂಡನ್ನು ಮಗುವಿನ ಕೈಗಿಡುವುದು. ಆ ಮಗುವೂ ತನ್ನ ತಟ್ಟೆಯಿಂದ ಆ ಮನೆಗೆ ಏನನ್ನೋ ಬೀರಲು ಹೊಸ ಬಟ್ಟೆ ತೊಟ್ಟು ಬಂದಿರುತ್ತದೆ.