ಖುರ್ಚಿ ಯಾರದು? ನಗು ಯಾರದು?

"ಆಕೀಗೇನು ತಿಳಿತದ? ಗಂಡ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತತಾಳ." ದೇವದುರ್ಗ, ಮಾನ್ವಿ ಕಡೆಯ ಕಟ್ಟೆಗಳ ಮೇಲೆ ಈ ಮಾತಿಗೆ ನಗುವವರಿಗೆ ಬರವಿಲ್ಲ. ಮೀಸಲು ಸ್ಥಾನದಿಂದ ಗೆದ್ದ ನಮ್ಮ ಕೇರಿಯ ತಾಯಿ ಈ ನಗುವನ್ನು ದಿನಾ ನುಂಗುತ್ತಾಳೆ.

ಇದು ಹಳೆಯ ಆಯುಧ. ಇಂಗ್ಲೆಂಡ್, ಅಮೆರಿಕದ ಹೆಂಗಸರು ಮತ ಕೇಳಿದಾಗ, ಗಂಡ ಮನೆಯಲ್ಲಿ ಕೂಸು ಆಡಿಸುವ ಚಿತ್ರ ಬರೆದು ಪೋಸ್ಟ್ ಕಾರ್ಡ್ ಮಾರಿದರು. 1915ರಲ್ಲಿ ಅಲೈಸ್ ಡ್ಯೂಯರ್ ಮಿಲ್ಲರ್ ಎಂಬ ಅಮೆರಿಕದ ಕವಯಿತ್ರಿ ಆ ಆಯುಧವನ್ನೇ ಕಿತ್ತುಕೊಂಡರು. ಗಂಡಸರಿಗೆ ಯಾಕೆ ಮತ ಕೊಡಬಾರದು ಎಂದು ಪಟ್ಟಿ ಮಾಡಿದರು. ಹೆಣ್ಣಿನ ಮೇಲೆ ಹೊರಿಸಿದ್ದ ದಡ್ಡ ಕಾರಣಗಳು ಗಂಡಿನ ಹೆಗಲೇರಿದಾಗ ಅವುಗಳ ಬಣ್ಣ ಬಯಲಾಯಿತು. 1920ರಲ್ಲಿ ಅಲ್ಲಿ ಹೆಂಗಸರಿಗೆ ಮತ ಬಂತು. ಆದರೆ ದಕ್ಷಿಣದ ಕರಿಯ ಹೆಂಗಸರಲ್ಲಿ ಹೆಚ್ಚಿನವರು 1965ರ ಕಾಯ್ದೆಯ ತನಕ ಕಾಯಬೇಕಾಯಿತು. ಜಾತಿ ಉಂಡ ನಮಗೆ ಇದು ಹೊಸ ಕತೆಯಲ್ಲ.

1928ರಲ್ಲಿ ಸೈಮನ್ ಕಮಿಷನ್ ಮುಂದೆ ಬಾಬಾಸಾಹೇಬರು ವಯಸ್ಕರೆಲ್ಲರಿಗೂ ಮತ ಬೇಕೆಂದರು. ನಿಜಾಮನ ಆಳ್ವಿಕೆಯಲ್ಲಿದ್ದ ರಾಯಚೂರಿನ ನಮ್ಮ ಅಜ್ಜಿಯರಿಗೆ ಆ ಹಕ್ಕು ಸಿಕ್ಕಿದ್ದು ಸಂವಿಧಾನದಿಂದ. 1951-52ರ ಮೊದಲ ಚುನಾವಣೆಯಲ್ಲೇ ವಿಡಂಬನೆ ನೋಡಿರಿ: ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರು, ಬಹುಪಾಲು ಉತ್ತರದ ರಾಜ್ಯಗಳವರು, ಪಟ್ಟಿಯಿಂದ ಹೊರಬಿದ್ದರು. ಮನೆಯಲ್ಲಿ ಗಂಡನ ಹೆಸರು ಎತ್ತಬಾರದು. ಕಾಗದದ ಮೇಲೆ ಗಂಡನ ಹೆಸರು ಬಿಟ್ಟರೆ ಆಕೆಗೆ ಬೇರೆ ಹೆಸರೇ ಇಲ್ಲ!

1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ಕರ್ನಾಟಕ ಹೆಣ್ಮಕ್ಕಳಿಗೆ ನಾಲ್ಕರಲ್ಲೊಂದು ಸ್ಥಾನ ಕೊಟ್ಟಿತು. 1993ರ ಕಾಯ್ದೆ ಮೂರರಲ್ಲೊಂದು ಕೊಟ್ಟಿತು, 2010ರ ತಿದ್ದುಪಡಿ ಅರ್ಧ. ಖುರ್ಚಿ ಬಂತು. ಎಷ್ಟೋ ಕಡೆ ಅದರ ಮೇಲೆ ಗಂಡ ಕುಂತ, ಗಂಡನ ಬೆನ್ನಿಗೆ ಊರ ಸಾಹುಕಾರ ನಿಂತ. ನಗಬೇಕಾದದ್ದು ಯಾರನ್ನು? ಖುರ್ಚಿ ಗೆದ್ದವಳನ್ನೋ, ಖುರ್ಚಿ ಕದ್ದವನನ್ನೋ?

ನಮ್ಮ ಹೆಣ್ಮಕ್ಕಳಿಗೆ ಗೇಲಿ ಕಲಿಸಬೇಕಿಲ್ಲ. ಮದುವೆಯಲ್ಲಿ ಬೀಗರ ಹಾಡು ಕಟ್ಟಿ ಎಂಥ ದೊಡ್ಡಸ್ತಿಕೆಯ ನೀರನ್ನೂ ಇಳಿಸುವವರು ಅವರು. ಹನ್ನೆರಡನೆಯ ಶತಮಾನದಲ್ಲಿ ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ ಕುಲಜರ ಊಟವನ್ನೇ ಅವರ ಮುಂದಿಟ್ಟು ಕುಲವನ್ನು ನಗೆಗೀಡು ಮಾಡಿದಳು. ಆ ನಾಲಿಗೆ ಗ್ರಾಮಸಭೆಗೆ ಬರಲಿ.

ಸಂಗಾತಿಗಳೇ, ನಮ್ಮ ಹಾಡಿನ ತಂಡಗಳು ಸದಸ್ಯೆಯ ಮೇಲಲ್ಲ, ಸದಸ್ಯೆಯ ಖುರ್ಚಿ ಹಿಡಿದವನ ಮೇಲೆ ಪದ ಕಟ್ಟಲಿ. ಕೂಲಿ ಮಾಡುವ ಗಂಡನನ್ನು ನಕ್ಕು, ಅವನನ್ನು ಕುಣಿಸುವ ಸಾಹುಕಾರನನ್ನು ಬಿಟ್ಟರೆ ನಗು ದಾರಿ ತಪ್ಪುತ್ತದೆ. ನಕ್ಕು ಸುಮ್ಮನಾಗಬೇಡಿರಿ. ಠರಾವು ಪುಸ್ತಕ ತೆಗೆಸಿ ಕೇಳಿರಿ: ಸಹಿ ಯಾರದು, ಮಾತಾಡಿದವರು ಯಾರು?

ಜೈ ಭೀಮ್.