ಗೋಲು ಕಾಯುವವನ ಯೋಗ್ಯತೆ

ಕಾಲ್ಚೆಂಡಾಟದಲ್ಲಿ ಒಂದು ಪಕ್ಷಕ್ಕೆ ಹನ್ನೊಂದು ಜನ. ಹತ್ತು ಜನರ ತಪ್ಪುಗಳನ್ನು ಮೈದಾನದ ಮಣ್ಣೇ ನುಂಗಿಕೊಳ್ಳುತ್ತದೆ. ಹನ್ನೊಂದನೆಯವನ ತಪ್ಪನ್ನು ಮಾತ್ರ ಫಲಕದ ಮೇಲೆ ಬರೆದು ಲೆಕ್ಕವಿಡುತ್ತಾರೆ. ಶ್ರೀರಾಮನಗರದ ಗದ್ದೆಗಳನ್ನು ಬಲ್ಲ ನಮಗೆ ಈ ನ್ಯಾಯ ಹೊಸದಲ್ಲ. ತುಂಗಭದ್ರಾ ಅಣೆಕಟ್ಟಿಗೆ ಮೂವತ್ತಮೂರು ತೂಬುಬಾಗಿಲುಗಳಿದ್ದವೆಂಬುದನ್ನು ಎಣಿಸಿದವರು ಎಷ್ಟು ಮಂದಿ? 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಬಾಗಿಲು ಕೊಚ್ಚಿಹೋದಾಗ ಅದೊಂದರ ಸಂಖ್ಯೆ ಮಾತ್ರ ಮನೆಮಾತಾಯಿತು. ಗೋಲ್‌ಕೀಪರನ ಬಾಳೂ ಇಂಥದೇ. ತಡೆದದ್ದು ಕರ್ತವ್ಯ, ಬಿಟ್ಟದ್ದು ಅಪರಾಧ.

ಇದರ ಪರಿಣಾಮವನ್ನು ನಮ್ಮ ಶಾಲೆಗಳ ಬಯಲಿನಲ್ಲಿಯೇ ಕಾಣಬಹುದು. ಚುರುಕಾದ ಹುಡುಗರೆಲ್ಲರೂ ಮುಂದಕ್ಕೆ ಹೋಗುವರು. ಓಡಲಾರದವನನ್ನು, ದಪ್ಪಗಿರುವವನನ್ನು, ಯಾರೂ ಆರಿಸದೆ ಉಳಿದವನನ್ನು ಗೋಲಿಗೆ ನಿಲ್ಲಿಸುವರು. ಸೋತ ಮೇಲೆ ಅವನನ್ನೇ ಬೈಯುವರು. ಈ ಪದ್ಧತಿ ಅನ್ಯಾಯವಷ್ಟೇ ಅಲ್ಲ, ಅವಿವೇಕವೂ ಹೌದೆಂಬುದು ಈ ಲೇಖನದ ಅಭಿಪ್ರಾಯ.

ಕನ್ನಡದ 'ಕಾಯು' ಧಾತುವಿಗೆ ರಕ್ಷಿಸು ಎಂಬ ಅರ್ಥವೂ ಉಂಟು, ನಿರೀಕ್ಷಿಸು ಎಂಬ ಅರ್ಥವೂ ಉಂಟು. ಗೋಲು ಕಾಯುವವನ ವಿದ್ಯೆಯೆಲ್ಲವೂ ಈ ಎರಡು ಅರ್ಥಗಳ ಕೂಟದಲ್ಲಿದೆ. ಹಾರುವುದು ಅವನ ಗುಣಗಳಲ್ಲಿ ಕೊನೆಯದು. ಹಾರುವ ಮುನ್ನ ಎಲ್ಲಿ ನಿಂತಿದ್ದನು, ಹೇಗೆ ನಿಂತಿದ್ದನು ಎಂಬುದೇ ಮೊದಲನೆಯದು.

ಗೋಲಿನ ಬಾಯಿ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಇದನ್ನು ಒಬ್ಬನ ಎರಡು ತೋಳುಗಳು ತುಂಬಲಾರವು. ಆದರೆ ಚೆಂಡಿರುವ ಸ್ಥಾನದಿಂದ ಎರಡು ಕಂಬಗಳಿಗೆ ಎರಡು ಹಗ್ಗಗಳನ್ನು ಕಟ್ಟಿ ನೋಡಿರಿ. ನೇರ ಎದುರಿನಿಂದ ಬರುವ ಚೆಂಡಿಗೆ ಅಡ್ಡವಾಗಿ ಕೀಪರನು ಗೋಲುಗೆರೆಯಿಂದ ಅರ್ಧದಾರಿ ಮುಂದೆ ಬಂದು ನಿಂತರೆ, ಹಗ್ಗಗಳ ನಡುವಣ ಅಗಲ 3.66 ಮೀಟರಿಗೆ ಇಳಿದಿರುತ್ತದೆ. ಹಾಗೆಂದು ಮಿತಿಮೀರಿ ಮುಂದೆ ಬಂದರೆ ಚೆಂಡು ತಲೆಯ ಮೇಲಿಂದ ಹಾದುಹೋಗುತ್ತದೆ. ಈ ಎರಡರ ನಡುವಣ ಔಚಿತ್ಯವನ್ನು ಕ್ಷಣಕ್ಷಣಕ್ಕೂ ಅರಿಯುವವನೇ ಜಾಣ. ಅಂಥವನ ಎದೆಗೆ ಚೆಂಡು ತಾನಾಗಿ ಬಂದು ಸೇರಿದಂತೆ ಕಾಣುತ್ತದೆ. ನೋಡುವವರು ಒದೆದವನು ದಡ್ಡನೆಂದು ನಗುತ್ತಾರೆ.

ಎರಡನೆಯದು ಸ್ಥೈರ್ಯ. ಎದುರಾಳಿಯ ಪಾದ ಚೆಂಡನ್ನು ಮುಟ್ಟುವ ಕ್ಷಣದಲ್ಲಿ ಕೀಪರನ ಎರಡು ಪಾದಗಳೂ ನೆಲದಲ್ಲಿರಬೇಕು, ಮೊಣಕಾಲು ತುಸು ಬಾಗಿರಬೇಕು, ಭಾರ ಮುಂಗಾಲಿನ ಮೇಲಿರಬೇಕು. ಓಡುತ್ತಿರುವವನು ದಿಕ್ಕು ಬದಲಿಸಲಾರ. ಮೂರನೆಯದು ಕೈಯ ವಿವೇಕ. ಹಿಡಿಯಬಲ್ಲುದನ್ನು ಹಿಡಿಯಬೇಕು, ಹಿಡಿಯಲಾಗದುದನ್ನು ಪಕ್ಕಕ್ಕೆ ತಳ್ಳಬೇಕೇ ಹೊರತು ಗೋಲಿನ ಮುಂದಕ್ಕಲ್ಲ. ಮುಂದಕ್ಕೆ ತಳ್ಳಿದ ಚೆಂಡು ಎದುರಾಳಿಗೆ ಇತ್ತ ಎರಡನೆಯ ಭಿಕ್ಷೆ.

ಇನ್ನು ಪೆನಾಲ್ಟಿ. ಹನ್ನೊಂದು ಮೀಟರ್ ದೂರದಿಂದ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಒದೆದ ಚೆಂಡು ಸೆಕೆಂಡಿನ ಅರ್ಧಭಾಗಕ್ಕೂ ಮುನ್ನ ಗೆರೆಯನ್ನು ದಾಟುತ್ತದೆ. ಕಣ್ಣು ಕಂಡು ಮೈ ಅಲುಗುವುದಕ್ಕೇ ಸೆಕೆಂಡಿನ ಐದನೆಯ ಒಂದು ಪಾಲು ಬೇಕು. ಆದಕಾರಣ ಕೀಪರನು ಒದೆಯುವವನ ಸೊಂಟ, ಊರುಗಾಲು, ಓಟದ ಓರೆಗಳನ್ನು ಓದಿ ಮೊದಲೇ ನಿರ್ಣಯಿಸಬೇಕಾಗುತ್ತದೆ. ಇಲ್ಲಿ ಒಂದು ವಿಚಿತ್ರವುಂಟು. ಇಸ್ರೇಲಿನ ವಿದ್ವಾಂಸರು 286 ಪೆನಾಲ್ಟಿಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನೂರಕ್ಕೆ ಸುಮಾರು ಇಪ್ಪತ್ತೊಂಬತ್ತು ಒದೆತಗಳು ನಡುಭಾಗಕ್ಕೇ ಬಂದಿದ್ದವು. ಆದರೆ ಕೀಪರರು ನಡುವೆಯೇ ನಿಂತದ್ದು ನೂರಕ್ಕೆ ಆರು ಸಲ ಮಾತ್ರ. ಕಾರಣವೇನು? ಹಾರಿ ಸೋತವನಿಗೆ ಕ್ಷಮೆಯುಂಟು. ನಿಂತು ಸೋತವನನ್ನು ಮರದ ಬೊಂಬೆಯೆಂದು ಜರೆಯುತ್ತಾರೆ. ಸದಾ ನಿಂತೇ ಇರಬೇಕೆಂಬುದು ಇದರ ಸಾರವಲ್ಲ. ಹಾಗೆ ಮಾಡಿದರೆ ಒದೆಯುವವರು ಮೂಲೆಗಳನ್ನೇ ಹುಡುಕಿಯಾರು. ನೋಡುವವರ ನಿಂದೆಗೆ ಅಂಜಿದ ಕೀಪರನ ಬುದ್ಧಿ ಕೆಡುತ್ತದೆ ಎಂಬುದೇ ಇದರ ಸಾರ.

ವಾಸ್ತವವಾಗಿ ಅಂಜಬೇಕಾದವನು ಒದೆಯುವವನು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತವು ಎರಡು ಪೆನಾಲ್ಟಿಗಳನ್ನು ಹಾಳುಮಾಡಿಕೊಂಡು 1-2ರಿಂದ ಸೋತಿತು.

ಕನ್ನಡ ನೆಲದ ಈಚಿನ ನಿದರ್ಶನವೆಂದರೆ ಗುರುಪ್ರೀತ್ ಸಿಂಗ್ ಸಂಧು. ಪಂಜಾಬಿನ ಈ ನೀಳಕಾಯನು ನಾರ್ವೆಯಲ್ಲಿ ಆಡಿ 2017ರಲ್ಲಿ ಬೆಂಗಳೂರು ಎಫ್.ಸಿ. ತಂಡವನ್ನು ಸೇರಿದನು. 2023ರ ಮಾರ್ಚಿನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಮುಂಬಯಿ ತಂಡದ ಎದುರಿನ ಉಪಾಂತ್ಯವನ್ನು ಪೆನಾಲ್ಟಿಗಳಲ್ಲಿ 9-8ರಿಂದ ಗೆದ್ದುಕೊಟ್ಟನು. ಎಂಟು ಸಲ ಸೋತು ಒಂದು ಸಲ ತಡೆದದ್ದೇ ಆ ಗೆಲುವು! ವಾರದೊಳಗೆ ಗೋವೆಯ ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡದ ನಾಲ್ಕು ಒದೆತಗಳಲ್ಲಿ ಒಂದನ್ನೂ ತಡೆಯಲಾಗದೆ ಸೋಲುಂಡನು. ಅದೇ ವರ್ಷದ ಜುಲೈ 4ರಂದು ಮತ್ತೆ ಕಂಠೀರವದಲ್ಲಿ, ದಕ್ಷಿಣ ಏಷ್ಯಾ ಪಂದ್ಯಾವಳಿಯ ಅಂತಿಮದಲ್ಲಿ, ನಾಲ್ಕು ಗೋಲುಗಳನ್ನು ಬಿಟ್ಟುಕೊಟ್ಟ ಮೇಲೆ ಕುವೈತಿನ ನಾಯಕನ ಒದೆತವನ್ನು ತಡೆದು ಭಾರತಕ್ಕೆ ಪ್ರಶಸ್ತಿಯನ್ನು ತಂದನು. ಮಾರ್ಚಿನ ಸೋಲನ್ನು ಜುಲೈಗೆ ಹೊತ್ತು ತರಲಿಲ್ಲ. ಆಗತಾನೆ ಕಳೆದುಕೊಂಡ ಗೋಲನ್ನು ಮುಂದಿನ ಒದೆತಕ್ಕೂ ಹೊತ್ತು ತರಲಿಲ್ಲ. ಈ ಮರೆವು ಗೋಲ್‌ಕೀಪರನ ನಾಲ್ಕನೆಯ ಗುಣ; ಬಹುಶಃ ದೊಡ್ಡದು.

ಮೊದಲಿನ ಮೂರು ಗುಣಗಳು ಅಭ್ಯಾಸದಿಂದ ಬರುತ್ತವೆ. ನಾಲ್ಕನೆಯದನ್ನು ಹುಡುಗನು ಒಬ್ಬನೇ ಸಾಧಿಸಲಾರ. ಸುತ್ತಲಿನವರು ಮರೆಯಲು ಬಿಟ್ಟರೆ ಮಾತ್ರ ಅವನು ಮರೆತಾನು. ಆದುದರಿಂದ ಅಧ್ಯಾಪಕ ಬಂಧುಗಳು ಚುರುಕಾದ ಹುಡುಗನೊಬ್ಬನನ್ನು ಆರಿಸಿ ಗೋಲಿಗೆ ನಿಲ್ಲಿಸಲಿ, ಗಣಿತದ ಮೇಷ್ಟ್ರು ಎರಡು ಹಗ್ಗಗಳನ್ನು ಕಟ್ಟಿ ಕೋನವನ್ನು ತೋರಿಸಲಿ. ದಾನಿಗಳು ಚೆಂಡು ಕೊಡಿಸುವಾಗ ಒಂದು ಜೊತೆ ಕೈಗವಸನ್ನೂ, ಗೋಲಿನ ಮುಂದೆ ಹಾಸಲು ಒಂದು ಗಾಡಿ ಮೆತ್ತನೆಯ ಮರಳನ್ನೂ ಕೊಡಿಸಲಿ. ಹಳೆಯ ವಿದ್ಯಾರ್ಥಿಗಳು ಪಂದ್ಯ ನೋಡಲು ಬಂದಾಗ, ಗೋಲು ಬಿಟ್ಟ ಹುಡುಗನ ಹೆಸರು ಹಿಡಿದು ಕೂಗದಿರಲಿ. ಮುಂದಿನ ಚೆಂಡು ಬರುವುದು ಅವನ ಕಡೆಗೇ.